ಗಾಯರಾಣ ಅಳೆದ ಸುಧೀರ

ಸುಧೀರ ಏನು ಓದುತ್ತಿದ್ದಾನೆ ಎಂಬುದು ಅವನ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಸ್ವತಃ ಸುಧೀರ. ಇನ್ನೊಬ್ಬ ಅವನ ಅಪ್ಪ ನಾಮದೇವ. ಅವನಿಗೂ ಪೂರ್ತಿ ಗೊತ್ತಿರಲಿಲ್ಲ.

ಏಕಸಂಬಿಯ ರಸ್ತೆ ಬಿಟ್ಟು ಒಳಗೆ ಹೊರಳಿದರೆ, ಕಬ್ಬಿನ ನಡುವೆ ಸಿಗುವ ಸಣ್ಣ ಊರು ಅದು. ನಾಮದೇವ ಅಲ್ಲಿಯ ಪಂಚಾಯಿತಿಯಲ್ಲಿ ನೀರು ಬಿಡುವ ನೌಕರ. ಮಗ ಯೂನಿವರ್ಸಿಟಿ ಸೇರಿದಾಗ ಪೇಢೆ ಹಂಚುತ್ತ ಚಹಾದಂಗಡಿಗೆ ಹೋಗಿದ್ದ. ಅಲ್ಲಿ ಕಟ್ಟೆಯ ಮೇಲೆ ಧನಪಾಲ ಕೂತಿದ್ದ. ಧನಪಾಲನಿಗೆ ಎರಡು ಎಮ್ಮೆ, ಒಂದು ಬಣವೆ, ಮತ್ತು ಊರಿನ ಎಲ್ಲ ವಿಷಯಗಳ ಮೇಲೂ ಒಂದೊಂದು ಅಭಿಪ್ರಾಯ ಇತ್ತು.

“ಏನ ಓದಾಕ ಹೋಗ್ಯಾನೋ ಮಗಾ?”

“ಕ್ರೀಡಾ ಅಭಿವೃದ್ಧಿ ಅಂತರಿ. ಎಂ.ಎ.”

“ಅಂದ್ರ, ಆಟಾ ಆಡೂದು?”

“ಆಡೂದಲ್ಲರಿ, ಆಡಸೂದು. ಆಡದ ಮಂದೀನ ಆಡೂ ಹಂಗ ಮಾಡೂದು.”

ಧನಪಾಲ ಪೇಢೆಯನ್ನು ಬಾಯಿಗೆ ಹಾಕಿಕೊಂಡು, ಅದು ಕರಗುವವರೆಗೂ ಯೋಚಿಸಿದ. “ನಮ್ಮ ಎಮ್ಮಿ ಕರಾ ಹುಟ್ಟಿದ ದಿವಸನ ಜಿಗದಾಡತೈತಿ. ಅದಕ್ಕ ಯಾವ ಎಂ.ಎ. ಕಲಿಸ್ಯಾರೋ ನಾಮದೇವಾ?”

ಇಡೀ ಕಟ್ಟೆ ನಕ್ಕಿತು. ಮರುದಿನದಿಂದ ನಾಮದೇವ ಉತ್ತರವನ್ನು ಸ್ವಲ್ಪ ಕತ್ತರಿಸಿದ. “ಮಗಾ ಡೆವಲಪ್‌ಮೆಂಟ್ ಓದಾಕತ್ತಾನ್ರಿ” ಎನ್ನತೊಡಗಿದ. ಆಟವನ್ನು ತೆಗೆದು ಹಾಕಿದ ಮೇಲೆ ಆ ಓದಿಗೆ ಎಲ್ಲಿಲ್ಲದ ತೂಕ ಬಂತು, ನಕ್ಕವರಿಗೂ ಆಟದ ಮಾತು ಮರೆತುಹೋಯಿತು. “ಮುಂದ ದೊಡ್ಡ ಸಾಹೇಬ ಆಗ್ತಾನೇನಪಾ?” ಎಂದು ಯಾರಾದರೂ ಕೇಳಿದರೆ ನಾಮದೇವ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅನ್ನುತ್ತಿರಲಿಲ್ಲ, ಬಗ್ಗಿ ನೀರಿನ ವಾಲ್ವ್ ತಿರುಗಿಸುತ್ತಿದ್ದ. ರಜೆಗೆ ಬಂದ ಸುಧೀರನೂ ಸುಮ್ಮನಿರುತ್ತಿದ್ದ. ಸುಮ್ಮನಿರುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಶಾಲೆಯಲ್ಲಿ ಹುಡುಗರು ಆಟಕ್ಕೆ ತಂಡ ಕಟ್ಟುವಾಗ ಕೊನೆಗೆ ಉಳಿಯುತ್ತಿದ್ದವನು ಅವನೊಬ್ಬನೇ. ಅವನನ್ನು ಎಲ್ಲರ ಚಪ್ಪಲಿ ಕಾಯಲು ಕೂರಿಸುತ್ತಿದ್ದರು. ಚಪ್ಪಲಿಗಳ ಪಕ್ಕ ಕೂತೇ ಅವನು, ಈ ಊರಿನಲ್ಲಿ ಆಡುವವರಿಗಿಂತ ನೋಡುವವರೇ ಹೆಚ್ಚು ಎಂಬುದನ್ನು ಕಂಡುಕೊಂಡಿದ್ದ. ಈ ಕೋರ್ಸಿಗೆ ಅರ್ಜಿ ಹಾಕಲು ಕಾರಣವೂ ಅದೇ. ಸಂದರ್ಶನದಲ್ಲಿ ಅದನ್ನು ಹೇಳಲು ಮಾತ್ರ ಅವನಿಗೆ ಬಾಯಿ ಬರಲಿಲ್ಲ.

ಕೊನೆಯ ವರ್ಷ ಒಂದು ಪ್ರಾಯೋಗಿಕ ಪರೀಕ್ಷೆ ಬಂತು. ಮದುವೆಯಾದ ಮೇಲೆ ಆಟ ಬಿಟ್ಟ ಹೆಣ್ಣುಮಕ್ಕಳನ್ನು ಕಲೆಹಾಕಿ, ಸ್ವಂತ ಊರಿನಲ್ಲಿ ಒಂದು ಪೂರ್ತಿ ಪಂದ್ಯ ಆಡಿಸಬೇಕು. ಮಾರ್ಗದರ್ಶಕಿ ಸೌಂದರ್ಯಾ ಮೇಡಂ ಖುದ್ದಾಗಿ ಬಂದು ನೋಡುತ್ತಾರೆ. ಪಾಸಾದರೆ ಬೆಳಗಾವಿಯ ಒಂದು ಕ್ರೀಡಾ ಸಂಸ್ಥೆಯಲ್ಲಿ ಕೆಲಸ. ಮೇಡಂ ಆಗಲೇ ಅವನ ಹೆಸರು ಹೇಳಿಟ್ಟಿದ್ದರು. ನಪಾಸಾದರೆ ಅಪ್ಪನ ವಾಲ್ವ್ ಇದ್ದೇ ಇತ್ತು.

ಸುಧೀರ ಖೋ-ಖೋ ಆರಿಸಿಕೊಂಡ. ಚೆಂಡು ಬೇಡ, ಬ್ಯಾಟು ಬೇಡ. ಎರಡು ಕಂಬ, ಒಂದಿಷ್ಟು ನೆಲ, ಒಂದಿಷ್ಟು ಹೆಂಗಸರು ಸಾಕು. ಎರಡು ದಿನ ಮನೆ ಮನೆ ತಿರುಗಿದ. ಸಿಕ್ಕಿದ್ದು ಅವನ ಅವ್ವ ತುಳಸವ್ವ ಮತ್ತು ಅವಳ ಓಣಿಯ ನಾಲ್ಕು ಜನ. ಆ ನಾಲ್ಕು ಜನರೂ ತುಳಸವ್ವನ ಮುಖ ನೋಡಿ ಒಪ್ಪಿದವರು.

“ನಿನ್ನ ಮಾತ ಯಾರ ಕೇಳತಾರೋ?” ಎಂದಳು ತುಳಸವ್ವ. “ಮಾತಾಡೂದು ಅರ್ಧ, ನುಂಗೂದು ಅರ್ಧ. ಮೈಮ್ಯಾಲ ಒಂದ ಅಂಗಿನಾದ್ರೂ ಚಲೋದ ಹಾಕು.”

ಈ ಮಾತು ಅವನಿಗೆ ನಾಟಿತು. ಮರುದಿನ ನಿಪ್ಪಾಣಿಗೆ ಹೋಗಿ ಕತ್ತಲಲ್ಲೂ ಹೊಳೆಯುವ ಪಟ್ಟಿಗಳಿದ್ದ ಹಸಿರು ಜಾಕೀಟು, ಅಂಚಿದ್ದ ಬಿಳಿ ಟೊಪ್ಪಿಗೆ, ಉದ್ದನೆಯ ಅಳತೆ ಟೇಪು, ಒಂದು ಚೀಲ ಸುಣ್ಣದ ಪುಡಿ ತಂದ. ಅಧಿಕಾರಿಯಂತೆ ಕಂಡರೆ ಜನ ಮಾತು ಕೇಳುತ್ತಾರೆ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚೇ ಸರಿಯಾಯಿತು.

ಊರ ಹೊರಗೆ ಗಾಯರಾಣ ಇತ್ತು. ದನ ಮೇಯಲೆಂದು ಹಿಂದಿನವರು ಬಿಟ್ಟ ಊರೊಟ್ಟಿನ ಜಾಗ. ಕಾಗದದಲ್ಲಿ ಅದು ಬಹಳ ದೊಡ್ಡದು. ನೆಲದ ಮೇಲೆ ಎರಡು ಎತ್ತು ಎದುರುಬದುರು ಬಂದರೆ ಒಂದು ಹಿಂದೆ ಸರಿಯಬೇಕಿತ್ತು. ಯಾರೂ ಕದ್ದಿರಲಿಲ್ಲ, ಹಾಗೆ ಹೇಳಿದರೆ ಊರಿಗೆ ಅವಮಾನ. ಉತ್ತಾಗಲೆಲ್ಲ ಬದು ತಾನಾಗಿಯೇ ಒಂದು ಗೇಣು ಮುಂದೆ ನಡೆಯುತ್ತಿತ್ತು, ಅಷ್ಟೇ. ಹಾಗೆ ನಡೆದ ಜಾಗದಲ್ಲಿ ಒಂದು ಕಡೆ ವಿರುಪಾಕ್ಷಪ್ಪ ಸಾವುಕಾರನ ಕಬ್ಬು, ಇನ್ನೊಂದು ಕಡೆ ಧನಪಾಲನ ಬಣವೆ, ಮತ್ತೊಂದು ಕಡೆ ಪಂಚಾಯಿತಿ ಮೆಂಬರ್ ಆಬಾಸಾಹೇಬನ ತಿಪ್ಪೆ ನೆಮ್ಮದಿಯಾಗಿದ್ದವು.

ಸುಧೀರ ಜಾಕೀಟು ಹಾಕಿಕೊಂಡು ಟೇಪು ಹಿಡಿದ. ಉದ್ದಕ್ಕೆ ಅಳೆದ, ಅಡ್ಡಕ್ಕೆ ಅಳೆದ, ಮೂಲೆಯಿಂದ ಮೂಲೆಗೆ ಅಳೆದ. ಹೇಗೆ ಅಳೆದರೂ ಖೋ-ಖೋ ಅಂಕಣ ಕೂರಲಿಲ್ಲ. ಕೊನೆಗೆ ಬೇಸತ್ತು, ಅಂಕಣ ಎಲ್ಲಿಯವರೆಗೆ ಬರಬೇಕಿತ್ತು ಎಂದು ನೋಡಲು ಸುಣ್ಣದ ಗೆರೆ ಎಳೆದ. ಗೆರೆ ಕಬ್ಬಿನೊಳಗೆ ಹೊಕ್ಕಿತು, ಬಣವೆಯ ಬುಡಕ್ಕೆ ಬಡಿಯಿತು, ತಿಪ್ಪೆಯ ಮೇಲೆ ಹತ್ತಿ ಇಳಿಯಿತು.

ಎಮ್ಮೆ ಹೊಡೆದುಕೊಂಡು ಹೊರಟಿದ್ದ ಧನಪಾಲ ನಿಂತ. ಎಮ್ಮೆಗಳೂ ನಿಂತವು.

“ಏನ ಅಳ್ಯಾಕತ್ತಿ ತಮ್ಮಾ?”

“ಜಾಗಾರಿ.”

“ಯಾರ ಹೇಳ್ಯಾರ?”

“ಮ್ಯಾಲಿಂದ ಹೇಳ್ಯಾರ್ರಿ. ಮುಂದಿನ ವಾರ ಮೇಡಂ ಬರತಾರ.”

“ಮೇಡಂ ಬಂದ ಏನ ಮಾಡತಾರ?”

“ನೋಡತಾರ್ರಿ. ಅಷ್ಟೊತ್ತಿಗೆ ಜಾಗಾ ಪೂರಾ ಖುಲ್ಲಾ ಇರಬೇಕು. ಇಲ್ಲಾಂದ್ರ…” ಇಲ್ಲವಾದರೆ ನಾನು ನಪಾಸಾಗುತ್ತೇನೆ ಎಂದು ಹೇಳಲು ಸುಧೀರನಿಗೆ ನಾಚಿಕೆಯಾಯಿತು. ಅರ್ಧ ಮಾತು ನುಂಗಿದ.

ನುಂಗಿದ ಆ ಅರ್ಧವನ್ನು ಧನಪಾಲ ತನಗೆ ತಿಳಿದಂತೆ ತುಂಬಿಕೊಂಡ. ಎಮ್ಮೆಗಳನ್ನು ಅಲ್ಲೇ ಬಿಟ್ಟು ಚಹಾದಂಗಡಿಗೆ ಹೋದ. ಓಡಲಿಲ್ಲ, ಆದರೆ ಅವನ ಜೀವನದಲ್ಲಿ ಅಷ್ಟು ಬೇಗ ನಡೆದದ್ದು ಅದೇ ಮೊದಲು.

“ಸರ್ವೇ ಬಂದೈತಿ!” ಎಂದ. “ನಾಮದೇವನ ಮಗಾ ಡೆವಲಪ್‌ಮೆಂಟ್ ಓದ್ಯಾನಲ್ಲ, ಸರಕಾರದವರ ಅವನ್ನ ಹಿಡದ ಸರ್ವೇಕ ಹಾಕ್ಯಾರ. ಗಾಯರಾಣ ಬಿಡಸತಾರಂತ. ನನ್ನ ಬಣವಿಗೆ ಗೆರಿ ಬಿದ್ದೈತಿ!”

“ನನ್ನ ತಿಪ್ಪಿಗೆ?” ಎಂದ ಆಬಾಸಾಹೇಬ.

“ನಿನ್ನ ತಿಪ್ಪಿ ಹತ್ತಿ ಇಳದೈತಿ.”

ಆಬಾಸಾಹೇಬ ಚಹಾವನ್ನು ಅರ್ಧಕ್ಕೇ ಇಟ್ಟ. ಪಂಚಾಯಿತಿಯ ಮೆಂಬರ್ ಆಗಿದ್ದೂ ತನಗೆ ತಿಳಿಸದೆ ಸರ್ವೇ ಬಂದಿದೆ ಎಂದರೆ ಅದು ಬಹಳ ಮೇಲಿನಿಂದ ಬಂದದ್ದೇ ಇರಬೇಕು ಎಂದು ಅವನಿಗೆ ಖಾತ್ರಿಯಾಯಿತು. ನಿಜ ಹೇಳಬೇಕೆಂದರೆ, ಅವನಿಗೆ ತಿಳಿಸಿದ್ದರು. ಹಿಂದಿನ ವಾರವೇ ಸುಧೀರ ಪಂಚಾಯಿತಿಗೆ ಬಂದು ಜಾಗ ಕೇಳಿದಾಗ, ಮೊಬೈಲಿನಲ್ಲಿ ಮುಳುಗಿದ್ದ ಆಬಾಸಾಹೇಬನೇ “ಹೂಂ, ಮಾಡಕೋ” ಎಂದಿದ್ದ.

ಅಂದು ಸಂಜೆ ವಿರುಪಾಕ್ಷಪ್ಪ ನಾಮದೇವನ ಓಣಿಗೆ ಬಂದ. ಚುನಾವಣೆ ಬಿಟ್ಟರೆ ಅವನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಬಂದವನ ಕೈಯಲ್ಲಿ ಬೆಲ್ಲದ ಪೆಂಟೆ ಇತ್ತು. ತುಳಸವ್ವ ಕುರ್ಚಿ ಹಾಕಿದಳು, ಅವನು ಕೂರಲಿಲ್ಲ. ಬೆಲ್ಲವನ್ನು ಕುರ್ಚಿಯ ಮೇಲೆ ಕೂರಿಸಿ ತಾನು ನಿಂತ.

“ಸುಧೀರಪ್ಪಾ, ನಂದು ಎಷ್ಟ ಹೋಗತೈತಿ?”

ಸುಧೀರನ ಎದೆ ಉಬ್ಬಿತು. ಸಾವುಕಾರ ತಾನಾಗಿಯೇ ಆಟಕ್ಕೆ ಜಾಗ ಕೊಡಲು ಬಂದಿದ್ದಾನೆ! “ಕಬ್ಬಿನ ಅಂಚಿಗೆ ಒಂದ ಪಟ್ಟಿ ಸಾಕ್ರಿ ಸಾವುಕಾರ್ರ. ಅಷ್ಟ ಬಿಟ್ಟಕೊಟ್ರ…”

“ಬಿಟ್ಟಕೊಟ್ರ ಮುಂದೇನೂ ತಕರಾರ ಇಲ್ಲಲ್ಲ?”

“ಏನ ತಕರಾರ್ರಿ! ಎಲ್ಲಾರಿಗೂ ಚಲೋ ಆಗತೈತಿ.”

“ಆ ಮೇಡಂ ಹೆಂಗದಾಳ?”

“ಭಾಳ ಸ್ಟ್ರಿಕ್ಟ್ ಅದಾರ್ರಿ. ಆದ್ರ ಹೆಣ್ಮಕ್ಕಳಂದ್ರ ಜೀವಾ. ಗಂಡಸರ ಕೂಡ ಅವರಿಗೆ ಏನೂ ಕೆಲಸಿಲ್ಲ. ಊರಾಗಿನ ಹೆಣ್ಮಕ್ಕಳು ಬಂದ್ರ ಸಾಕು ಅಂದಾರ. ನಾಳಿಂದ ದಿನಾ ಸಂಜಿಕ ಗಾಯರಾಣಕ್ಕ ಕಳಸ್ರಿ. ನಾ ಎಲ್ಲಾ ಹೇಳಿ ಕೊಡತೀನಿ.”

ವಿರುಪಾಕ್ಷಪ್ಪ ತನ್ನೊಳಗೇ ಲೆಕ್ಕ ಹಾಕಿದ. ಹೆಣ್ಣುಮಕ್ಕಳನ್ನು ಮುಂದೆ ಮಾಡಿದರೆ ಮೇಡಂ ಕರಗುತ್ತಾಳೆ. ಏನು ಹೇಳಬೇಕೆಂದು ಈ ಹುಡುಗನೇ ಕಲಿಸುತ್ತಾನಂತೆ. ನಾಮದೇವನ ಮಗ ಇಷ್ಟು ಪಳಗಿದ್ದಾನೆಂದು ಅವನು ಎಣಿಸಿರಲಿಲ್ಲ. “ಶಾಣ್ಯಾ ಅದಿ,” ಎಂದು ಬೆನ್ನು ತಟ್ಟಲು ಕೈ ಎತ್ತಿ, ಏನೋ ನೆನಪಾದವನಂತೆ ಆ ಕೈಯಿಂದಲೇ ತನ್ನ ಟೊಪ್ಪಿಗೆ ಸರಿಮಾಡಿಕೊಂಡು ಹೋದ.

ಮುಂದೆ ಗಾಯರಾಣದಲ್ಲಿ ನಡೆದದ್ದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ವಿರುಪಾಕ್ಷಪ್ಪ ಕಬ್ಬು ಕಡಿಯುವ ಗ್ಯಾಂಗು ಕರೆಸಿ ಅಂಚಿನ ಕಬ್ಬನ್ನು ಬುಡಸಮೇತ ಕಿತ್ತು ಹಾಕಿಸಿದ. ಧನಪಾಲನ ಬಣವೆ ಮನೆಯ ಹಿತ್ತಲಿಗೆ ಹೋಯಿತು. ಆಬಾಸಾಹೇಬನ ತಿಪ್ಪೆ, ಅವನ ಅಜ್ಜನ ಕಾಲದಿಂದ ಬೆಳೆದು ಬಂದದ್ದು, ಟ್ರೇಲರ್ ಹತ್ತಿ ಹೊಲ ಸೇರಿತು. ಸುಧೀರ ದಿಗ್ಭ್ರಮೆಯಿಂದ ನಿಂತು ಫೋಟೋ ತೆಗೆದ. ‘ಜನರ ಮನವೊಲಿಸುವ ಕೌಶಲ’ ಎಂಬ ವಿಷಯದಲ್ಲಿ ಅವನಿಗೆ ಇಡೀ ತರಗತಿಯಲ್ಲೇ ಎಲ್ಲರಿಗಿಂತ ಕಡಿಮೆ ಅಂಕ ಬಂದಿದ್ದವು. ಫೋಟೋಗಳನ್ನು ಮೇಡಂಗೆ ವಾಟ್ಸಾಪ್ ಮಾಡಿ ಕೆಳಗೆ ಬರೆದ: ‘ಊರಿನವರ ಸಹಕಾರ ಕಲ್ಪನೆಗೂ ಮೀರಿದ್ದು.’

ಹೆಂಗಸರೂ ಬಂದರು. ಪ್ರತಿ ಮನೆಯಲ್ಲೂ ಒಂದೇ ಬಗೆಯ ಮಾತು ನಡೆದಿತ್ತು.

“ಹೋಗ ಬೇ ಗಿರಿಜಾ, ಆ ಹುಡುಗ ಏನ ಅಂತಾನ ಅದನ್ನ ಮಾಡು,” ಎಂದಿದ್ದ ವಿರುಪಾಕ್ಷಪ್ಪ ತನ್ನ ಹೆಂಡತಿಗೆ.

“ಕುಂದರ ಅಂದ್ರ?”

“ಕುಂದರು.”

“ಓಡ ಅಂದ್ರ?”

“ಓಡು! ಜಾಗಾ ಉಳಿಯೂ ಪ್ರಶ್ನಿ ಐತಿ.”

ಗಿರಿಜವ್ವ ಮದುವೆಗೆ ಮುಂಚೆ ಅಥಣಿಯ ಶಾಲೆಯಲ್ಲಿ ಖೋ-ಖೋ ಆಡಿದವಳು. ಸುಣ್ಣದ ಚೌಕಗಳನ್ನು ಕಂಡ ಕೂಡಲೇ ಅವಳಿಗೆ ಇದು ಸರ್ವೇ ಅಲ್ಲವೆಂದು ಗೊತ್ತಾಯಿತು. ಗಂಡನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಆ ಊರಿನಲ್ಲಿ ಸುಮ್ಮನಿರುವ ವಿದ್ಯೆ ಸುಧೀರನೊಬ್ಬನ ಸೊತ್ತಾಗಿರಲಿಲ್ಲ.

ಮೊದಲ ಸಂಜೆ ಸಾಲಾಗಿ ಕೂರುವಾಗ ಮೇಲಿನ ಓಣಿಯವರು ಒಂದು ತುದಿಗೆ, ತುಳಸವ್ವನ ಓಣಿಯವರು ಒಂದು ತುದಿಗೆ ಕೂತರು. ಯಾರೂ ಹೇಳಿರಲಿಲ್ಲ, ಕಾಲುಗಳಿಗೆ ದಾರಿ ಗೊತ್ತಿತ್ತು. ಆದರೆ ಖೋ-ಖೋದಲ್ಲಿ ಓಡುವವಳು ಕೂತವಳ ಬೆನ್ನಿಗೆ ಕೈ ಬಡಿದೇ ಖೋ ಕೊಡಬೇಕು. ತುಳಸವ್ವ ಸೀರೆಯ ಕಚ್ಚೆ ಬಿಗಿದು ಓಡಿ, ಗಿರಿಜವ್ವನ ಹಿಂದೆ ಬಂದು, ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತಳು. ಸೀಟಿ ಬಾಯಲ್ಲಿಟ್ಟುಕೊಂಡ ಸುಧೀರನಿಗೆ ಊದಬೇಕೋ ಬಿಡಬೇಕೋ ತಿಳಿಯಲಿಲ್ಲ.

ಗಿರಿಜವ್ವ ತಿರುಗದೆಯೇ ಕೂಗಿದಳು: “ಏ ತುಳಸವ್ವಾ, ಖೋ ಕೊಡತೀಯೋ, ಇಲ್ಲಾ ಇಲ್ಲೇ ಮುಂಜಾನಿ ಮಾಡತೀಯೋ? ಮಣಕಾಲ ಹಿಡ್ಯಾಕತ್ಯಾವ!”

“ಖೋ!” ಕೈ ಬಿತ್ತು. ಸ್ವಲ್ಪ ಜೋರಾಗಿಯೇ ಬಿತ್ತು. ಗಿರಿಜವ್ವ ಬಾಣದಂತೆ ಎದ್ದು ಓಡಿ, ಆಬಾಸಾಹೇಬನ ಹೆಂಡತಿಯನ್ನು ಕಂಬದ ಹತ್ತಿರ ಹಿಡಿದಳು. ಆ ಸಂಜೆಯ ನಂತರ ಯಾರು ಯಾವ ತುದಿಗೆ ಕೂರಬೇಕೆಂಬುದನ್ನು ಅವರು ಮರೆತರು. ಮನೆಗಳಲ್ಲಿ ರೊಟ್ಟಿ ತಡವಾಗತೊಡಗಿತು. ಗಂಡಸರು ಜಮೀನಿನ ಹಿತ ನೋಡಿ ಸಹಿಸಿಕೊಂಡರು.

ಮೇಡಂ ಬರುವ ಹಿಂದಿನ ದಿನ ವಿರುಪಾಕ್ಷಪ್ಪ ಚಿಕ್ಕೋಡಿಗೆ ಹೋದವನು, ಜಮೀನಿನ ದಫ್ತರ ನೋಡುವ ತಲಾಠಿ ಲಗಮಪ್ಪನನ್ನು ಚಹಾ ಕುಡಿಯುವಲ್ಲಿ ಹಿಡಿದ.

“ನಾಳಿನ ಸರ್ವೇಕ ನೀವೂ ಬರತೀರೇನ್ರಿ?”

“ಯಾ ಸರ್ವೇ?” ಎಂದ ಲಗಮಪ್ಪ. “ಸರ್ವೇ ಇದ್ದಿದ್ರ ನನ್ನ ತಲಿ ವಾರದಿಂದ ನೋಯಬೇಕಿತ್ತು. ನೋಡ್ರಿ, ತಲಿ ತಣ್ಣಗೈತಿ.” ವಿಷಯ ಕೇಳಿದ ಮೇಲೆ ಅವನು ಇನ್ನೊಂದು ಚಹಾ ತರಿಸಿದ. “ಏನ ಅನ್ರಿ ಸಾವುಕಾರ್ರ, ಇಪ್ಪತ್ತ ವರ್ಷದ ನೌಕರ್ಯಾಗ ತಾವಾಗಿ ಗಾಯರಾಣ ಬಿಟ್ಟಕೊಟ್ಟವರನ್ನ ನಾ ಕಂಡಿದ್ದಿಲ್ಲ. ನಿಮಗ ಸತ್ಕಾರ ಮಾಡಬೇಕು.”

ವಿರುಪಾಕ್ಷಪ್ಪನ ಮೋಟರ್ ಸೈಕಲ್ಲು ನೇರವಾಗಿ ನಾಮದೇವನ ಬಾಗಿಲಿಗೆ ಬಂದು ನಿಂತಿತು. ಹಿಂದೆ ಧನಪಾಲ, ಆಬಾಸಾಹೇಬ, ಅವರ ಹಿಂದೆ ಅರ್ಧ ಊರು.

“ಏನಲೇ ಇದು? ಆಟಾ ಆಡಾಕ ನನ್ನ ಕಬ್ಬ ಕೀಳಿಸಿದೇನ?”

“ನಾ ಕೀಳ್ರಿ ಅಂದಿಲ್ಲರಿ ಸಾವುಕಾರ್ರ.”

“ಬ್ಯಾಡಾ ಅಂದೇನ?”

ಸುಧೀರ ಸುಮ್ಮನಾದ.

“ಇದ ನೋಡು! ಹಿಂಗ ಸುಮ್ಮನಿದ್ದ ಸುಮ್ಮನಿದ್ದ ಊರ ಮಣ್ಣಗೂಡಿಸಿದಿ!”

“ನನ್ನ ತಿಪ್ಪಿ!” ಎಂದ ಆಬಾಸಾಹೇಬ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ನಮ್ಮ ಅಜ್ಜ ಹಾಕಿದ್ದದು!”

ಧನಪಾಲ ನಾಮದೇವನ ಕಡೆ ತಿರುಗಿದ. “ನೀ ಡೆವಲಪ್‌ಮೆಂಟ್ ಅಂತ ಯಾಕ ಹೇಳಿದಿ?”

“ಆಟಾ ಅಂದ್ರ ನೀವು ನಕ್ಕಿದ್ರಲ್ಲರಿ,” ಎಂದ ನಾಮದೇವ.

ಇದಕ್ಕೆ ಧನಪಾಲನ ಬಳಿ ಅಭಿಪ್ರಾಯವಿರಲಿಲ್ಲ. ಅದು ಚಹಾದಂಗಡಿಯ ಇತಿಹಾಸದಲ್ಲೇ ಅಪರೂಪದ ಗಳಿಗೆ.

“ನಾಳಿ ಮುಂಜಾನಿ ಟ್ರ್ಯಾಕ್ಟರ್ ತಂದು ನನ್ನ ಪಟ್ಟಿ ಉಳತೀನಿ,” ಎಂದ ವಿರುಪಾಕ್ಷಪ್ಪ. “ಯಾ ಮೇಡಂ ಅಡ್ಡ ಬರತಾಳ ನೋಡತೀನಿ.”

ಎಲ್ಲರೂ ಹೋದ ಮೇಲೆ ಸುಧೀರ ಮೇಡಂಗೆ ಫೋನ್ ಮಾಡಿದ. ಪರೀಕ್ಷೆ ಮುಂದೂಡಿ ಎನ್ನಬೇಕೆಂದಿದ್ದ. ಅವನು ಬಾಯಿ ತೆರೆಯುವ ಮೊದಲೇ ಅವರು, “ಫೋಟೋ ನೋಡಿ ಬಹಳ ಸಂತೋಷ ಆಯ್ತು ಸುಧೀರ, ಬೆಳಗ್ಗೆ ಮೊದಲ ಬಸ್ಸಿಗೆ ಬರ್ತಿದ್ದೀನಿ,” ಎಂದರು. “ಬರ್ರಿ ಮೇಡಂ,” ಎಂದ ಸುಧೀರ.

ಮರುದಿನ ಬೆಳಗ್ಗೆ ಮೇಡಂ ಗಾಯರಾಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮೊದಲಿಗೆ ತುಳಸವ್ವ ಮತ್ತು ಅವಳ ಓಣಿಯವರು ಮಾತ್ರ ಬಂದರು. ಸುಧೀರ ಜಾಕೀಟು ಬಿಟ್ಟು ಬಂದಿದ್ದ. ಮೇಲಿನ ಓಣಿಯ ದಾರಿಯನ್ನೇ ನೋಡುತ್ತ ನಿಂತ. ಆ ದಾರಿಯಲ್ಲಿ ಯಾರೂ ಇರಲಿಲ್ಲ. ಮೇಡಂ ಗಡಿಯಾರ ನೋಡಿಕೊಂಡರು.

ಆಗ ಗಿರಿಜವ್ವ ಬಂದಳು. ಅವಳ ಹಿಂದೆ ಆಬಾಸಾಹೇಬನ ಹೆಂಡತಿ, ಧನಪಾಲನ ಸೊಸೆ ಕಾಜಲ, ಉಳಿದವರೆಲ್ಲ. ಗಿರಿಜವ್ವ ಯಾರನ್ನೂ ಮಾತಾಡಿಸದೆ ಸಾಲಿನ ಕೊನೆಯ ಚೌಕಕ್ಕೆ ಹೋಗಿ ಕೂತಳು. ಆ ಚೌಕ ಇದ್ದದ್ದು ಅವಳ ಗಂಡನ ಪಟ್ಟಿಯ ಮೇಲೆ. ಅವಳ ಪಕ್ಕದ ಚೌಕದಲ್ಲಿ ತುಳಸವ್ವ ಎದುರು ದಿಕ್ಕಿಗೆ ಮುಖ ಮಾಡಿ ಕೂತಳು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಗಿರಿಜವ್ವನ ಬೆನ್ನಹಿಂದೆ ಟ್ರ್ಯಾಕ್ಟರಿನ ಸದ್ದು ಕೇಳಿತು. ವಿರುಪಾಕ್ಷಪ್ಪ ನೇಗಿಲನ್ನು ಅಂಕಣದ ಗೆರೆಯವರೆಗೆ ತಂದು ನಿಲ್ಲಿಸಿ, ಎಂಜಿನ್ ಆರಿಸದೆಯೇ ಇಳಿದ.

“ಏಳ ಬೇ.”

“ಏಳಾಕ ಬರೂದಿಲ್ಲರಿ,” ಎಂದಳು ಗಿರಿಜವ್ವ, ತಿರುಗಿಯೂ ನೋಡದೆ. “ಖೋ ಸಿಗದ ಎದ್ರ ಫೌಲ್ ಆಗತೈತಿ.”

“ನಾ ಗಂಡ ಹೇಳಾಕತ್ತೀನಿ, ಏಳು!”

“ಗಂಡ ಹೇಳಿದ್ರೂ ಫೌಲ್ ಫೌಲರಿ. ಆ ಹುಡುಗ ಏನ ಅಂತಾನ ಅದನ್ನ ಮಾಡು ಅಂದವರು ನೀವ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬದುವಿನ ಮೇಲೆ ನಿಂತಿದ್ದ ಧನಪಾಲ ಕೆಮ್ಮಿದ. ಮೇಡಂ ಎದ್ದು ನಿಂತು, “ಗಂಡಸರೂ ಭಾಗವಹಿಸ್ತಿದ್ದಾರಾ ಸುಧೀರ? ಇದನ್ನ ನೀನು ಹೇಳೇ ಇರಲಿಲ್ಲ!” ಎಂದು ಬರೆದುಕೊಳ್ಳತೊಡಗಿದರು.

ವಿರುಪಾಕ್ಷಪ್ಪ ಟ್ರ್ಯಾಕ್ಟರ್ ನೋಡಿದ. ಹೆಂಡತಿಯ ಬೆನ್ನು ನೋಡಿದ. ಮೂವತ್ತು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಎದುರು ಅವನು ಅವಳ ಮೈ ಮುಟ್ಟಿದವನಲ್ಲ. ಎಳೆದು ಎಬ್ಬಿಸಿದರೆ ಊರು ನಾಳೆಯವರೆಗೆ ಬೈಯುತ್ತದೆ. ಹಾಗೇ ಬಿಟ್ಟು ಹೋದರೆ ಸಾಯುವವರೆಗೆ ನಗುತ್ತದೆ. ಎರಡಕ್ಕೂ ನಡುವೆ ಉಳಿದದ್ದು ಒಂದೇ ದಾರಿ. ಬಗ್ಗಿ, ಬಿಸಿ ಹೆಂಚು ಮುಟ್ಟುವವನಂತೆ ಎರಡು ಬೆರಳು ತಾಗಿಸಿ, ಗಂಟಲೊಳಗೇ ಅಂದ:

“ಖೋ.”

“ಕೇಳಸಲಿಲ್ಲರಿ.”

“ಖೋ!”

ಗಿರಿಜವ್ವ ಚಿಮ್ಮಿದಳು. ಕಾಜಲ ಕಿರುಚಿಕೊಂಡು ಓಡಿದಳು. ಇಡೀ ಸಾಲು ಹೋ ಎಂದಿತು. ವಿರುಪಾಕ್ಷಪ್ಪ ಖಾಲಿಯಾದ ಪಟ್ಟಿಯನ್ನು ನೋಡಿ ಟ್ರ್ಯಾಕ್ಟರಿನತ್ತ ಒಂದು ಹೆಜ್ಜೆ ಇಟ್ಟಿದ್ದ.

“ಸಾವುಕಾರ್ರ, ಎಲ್ಲಿ ಹೊಂಟ್ರಿ?” ಎಂದಳು ತುಳಸವ್ವ. “ಖೋ ಕೊಟ್ಟವರು ಆ ಜಾಗಾದಾಗ ಕುಂದರಬೇಕು!”

“ಕುಂದರ್ರಿ ಮಾಮಾ!” ಎಂದಳು ಆಬಾಸಾಹೇಬನ ಹೆಂಡತಿ. “ಜಾಗಾ ಖಾಲಿ ಬಿಟ್ರ ನಾವು ಸೋಲತೀವಿ!”

“ಕುಂದರೋ ಮಾರಾಯಾ!” ಎಂದು ಬದುವಿನಿಂದ ಧನಪಾಲ ಕೂಗಿದ. ಅವನ ಸೊಸೆ ಎದುರು ತಂಡದಲ್ಲಿದ್ದಳು ಎಂಬುದು ಅವನಿಗೆ ಆ ಕ್ಷಣ ನೆನಪಿರಲಿಲ್ಲ. “ಆಟಾ ನಿಂತೈತಿ!”

ವಿರುಪಾಕ್ಷಪ್ಪ ಕೂತ. ಧೋತರ ಮಣ್ಣಾಗದಂತೆ ಎತ್ತಿ ಹಿಡಿದು, ಎಂಜಿನ್ ಗುಡುಗುಡು ಎನ್ನುತ್ತಿದ್ದ ಟ್ರ್ಯಾಕ್ಟರಿನ ಮೇಲೆ ಕಣ್ಣಿಟ್ಟುಕೊಂಡು, ಅತ್ತ ಮುಖ ಮಾಡಿಯೇ ಕೂತ.

ಸೀಟಿ ಕೂಗಿತು.

ಓಡುತ್ತಿದ್ದವರು ನಿಂತರು. ಊದಿದವನು ಸುಧೀರ. ಅವನ ಕೈ ಮೇಲೆತ್ತಿದ್ದು ಮೇಲೆಯೇ ಇತ್ತು.

“ಏನಲೇ?” ಎಂದ ವಿರುಪಾಕ್ಷಪ್ಪ ಕೂತಲ್ಲಿಂದಲೇ.

“ಫೌಲ್ ಆತ್ರಿ ಸಾವುಕಾರ್ರ. ಬಾಜೂ ಕುಂತವರು ಯಾ ಕಡೆ ಮಾರಿ ಮಾಡಿರತಾರ, ನೀವು ಅದರ ಉಲ್ಟಾ ಮಾಡಬೇಕು. ತಿರಗಿ ಕುಂದರ್ರಿ.”

ವಿರುಪಾಕ್ಷಪ್ಪ ಪಕ್ಕದ ಚೌಕದತ್ತ ನೋಡಿದ. ತುಳಸವ್ವ ಟ್ರ್ಯಾಕ್ಟರಿನ ಕಡೆಗೇ ಮುಖ ಮಾಡಿ, ಕೈ ನೆಲಕ್ಕೂರಿ ಗಂಭೀರವಾಗಿ ಕೂತಿದ್ದಳು. ಅವನು ಹುಡುಗನನ್ನು ನೋಡಿದ. ಹುಡುಗ ಕೈ ಇಳಿಸಲಿಲ್ಲ. ಸಾವುಕಾರ ಕೂತಲ್ಲೇ ಹೊರಳಾಡಿ, ಮೊಣಕಾಲಿನ ಮೇಲೆ ಭಾರ ಹಾಕಿ, ಉಸ್ಸೆಂದು ಟ್ರ್ಯಾಕ್ಟರಿಗೆ ಬೆನ್ನು ಮಾಡಿ ಕೂತ.

“ಈಗ ಸರಿ ಆತಿಲ್ಲೋ?”

“ಆತ್ರಿ,” ಎಂದ ಸುಧೀರ. “ಧೋತರ ಬಿಟ್ಟ ಕೈ ನೆಲಕ್ಕ ಊರ್ರಿ. ಖೋ ಯಾವಾಗ ಬರತೈತಿ, ಹೇಳಾಕ ಬರೂದಿಲ್ಲ.”